ಎರಡು ಮಾರು ಮಲ್ಲಿಗೆ

ನನ್ನ ಮಗಳ ಹೊಟ್ಟೆಯನ್ನು ಟೇಪು ಹಿಡಿದು ಅಳೆಯುತ್ತಿದ್ದರು. ದರ್ಜಿಯ ಕುತ್ತಿಗೆಯಲ್ಲಿ ನೇತಾಡುತ್ತದಲ್ಲ, ಅಂಥದ್ದೇ ಟೇಪು, ಆದರೆ ಕಾಗದದ್ದು. ನರ್ಸ್ ಯಶಸ್ವಿನಿ ಅದನ್ನು ಹೊಕ್ಕುಳ ಮೇಲೆ ಹಾಯಿಸಿ ಸುತ್ತಿದರು, ಬಗ್ಗಿ ನೋಡಿದರು, ಬಿಚ್ಚಿದರು, ಮತ್ತೊಮ್ಮೆ ಸುತ್ತಿದರು. ನಾನು ತುಮಕೂರಿನ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ ಮೇಲೆ ಕೆಲಸ ಮಾಡುವವನು. ಬೆಳಗಾದರೆ ಅಳೆಯುವುದೇ ನನ್ನ ಕಸುಬು. ಅಳತೆ ಸರಿ ಬಂದರೆ ಯಾರೂ ಎರಡನೇ ಸಲ ಟೇಪು ಹಿಡಿಯುವುದಿಲ್ಲ.

“ಏನ್ ಸಿಸ್ಟರ್?” ಎಂದೆ.

“ಬೆಳಿಗ್ಗೆಗಿಂತ ಜಾಸ್ತಿ ಇದೆ ಸರ್. ನೀವ್ ಸ್ವಲ್ಪ ಆಚೆ ಇರಿ, ಡಾಕ್ಟರ್‌ನ ಕರೀತೀನಿ.”

ಆಸ್ಪತ್ರೆಯಲ್ಲಿ ‘ಆಚೆ ಇರಿ’ ಎಂದರೆ ಅದು ಒಳ್ಳೆಯದಕ್ಕಲ್ಲ ಎಂದು ಅಷ್ಟು ದಿನಗಳಲ್ಲಿ ಕಲಿತಿದ್ದೆ. ಹೋಗುವ ಮುಂಚೆ ಒಂದು ಸಲ ಗಾಜಿನ ಪೆಟ್ಟಿಗೆಯೊಳಗೆ ನೋಡಿದೆ. ಒಂದು ಕೆಜಿ ಸಕ್ಕರೆ ಪೊಟ್ಟಣಕ್ಕಿಂತ ಸ್ವಲ್ಪ ಹೆಚ್ಚು ತೂಕದ ಕೂಸು. ಕೈಕಾಲುಗಳು ನನ್ನ ಬೆರಳಿನಷ್ಟು ದಪ್ಪ. ಅದಕ್ಕೆ ಹೊಟ್ಟೆ ಎಂಬುದೇ ಇರಲಿಲ್ಲ ಇಷ್ಟು ದಿನ. ಈಗ ಆ ಹೊಟ್ಟೆ ಉಬ್ಬಿ ಚರ್ಮ ಹೊಳೆಯುತ್ತಿತ್ತು. ಬಾಯಿಯಿಂದ ಹೊರಬಂದ ಸಣ್ಣ ಕೊಳವೆಯಲ್ಲಿ ಹಸಿರು ನೀರು ನಿಂತಿತ್ತು. ನನಗೆ ಭಯವಾಯಿತು. ಗಂಡಸು, ಧೈರ್ಯ, ಅವೆಲ್ಲ ಬಾಯಿಮಾತು.

ನನ್ನ ಹೆಂಡತಿ ಶಾಂತಲಾಳ ತವರು ಗುಬ್ಬಿ. ಚೊಚ್ಚಲು ಬಸುರಿ, ತವರಿಗೆ ಹೋಗಿದ್ದಳು. ಸೀಮಂತಕ್ಕೆ ಸೀರೆ ತೆಗೆಯುವ ಮಾತು ನಡೆಯುತ್ತಿದ್ದಾಗಲೇ, ಇನ್ನೂ ಏಳು ತಿಂಗಳು ತುಂಬುವ ಮುಂಚೆ, ನೀರು ಹೋಯಿತು. ಗುಬ್ಬಿಯ ಆಸ್ಪತ್ರೆಯವರು ತಡಮಾಡದೆ ತುಮಕೂರಿಗೆ ಕಳಿಸಿದರು. ಹೆರಿಗೆಯಾಯಿತು, ಕೂಸನ್ನು ಅಮ್ಮನಿಗೆ ತೋರಿಸದೆ ಎಳೆಗೂಸುಗಳ ತೀವ್ರ ನಿಗಾ ಘಟಕಕ್ಕೆ, ಎನ್‌ಐಸಿಯುಗೆ ಒಯ್ದರು. ಕುಣಿಗಲ್ ಕಡೆಯ ನಮ್ಮ ಹಳ್ಳಿಯಿಂದ ಬಸ್ಸು ಹತ್ತಿ ಓಡಿಬಂದ ನನ್ನ ಅವ್ವ ಮಹಾಲಕ್ಷ್ಮಮ್ಮ ಮಾತ್ರ ಗಟ್ಟಿಯಾಗಿದ್ದಳು. “ಏಳು ತಿಂಗಳ ಕೂಸು ಉಳ್ಕತದೆ ಬುಡ್ಲಾ. ಎಂಟು ತಿಂಗಳದ್ದೇ ಉಳಿಯಾಕಿಲ್ಲ,” ಎಂದಳು. ಕೂಸನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ವಿಭಾ ಅವರಿಗೆ ಇದನ್ನು ಹೇಳಿದರೆ ಅವರು ನಕ್ಕು, ಒಂದೊಂದು ದಿನ ಹೆಚ್ಚು ಒಳಗಿದ್ದರೂ ಒಳ್ಳೆಯದೇ ಅಂದಿದ್ದರು. ನಾನು ಅವ್ವನ ಲೆಕ್ಕವನ್ನೇ ನಂಬಿಕೊಂಡಿದ್ದೆ. ನಮಗೆ ಬೇಕಾದ್ದನ್ನು ಹೇಳಿದವರನ್ನು ತಾನೇ ನಾವು ನಂಬುವುದು.

ಮೊದಮೊದಲು ಎಲ್ಲವೂ ಸರಿಯಾಗಿತ್ತು. ಶಾಂತಲಾ ತಾಯಂದಿರ ವಾರ್ಡಿನಲ್ಲಿ ಇದ್ದಳು. ಅವಳು ಹಾಲು ಹಿಂಡಿ ಸಣ್ಣ ಬಟ್ಟಲಲ್ಲಿ ಕೊಟ್ಟರೆ, ನರ್ಸುಗಳು ಕೊಳವೆಯಲ್ಲಿ ಅದನ್ನು ಕೂಸಿನ ಹೊಟ್ಟೆಗೆ ಬಿಡುತ್ತಿದ್ದರು. ಮೊದಲು ತೊಟ್ಟು ತೊಟ್ಟು, ಆಮೇಲೆ ಚಮಚದಷ್ಟು, ಆಮೇಲೆ ಇನ್ನೂ ಸ್ವಲ್ಪ. ಕೂಸಿನ ತೂಕ ಏರಿದ ದಿನ ನಾನು ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಟೀ ಕೊಡಿಸಿದ್ದೆ.

ಎಕ್ಸ್‌ರೇ ಆದ ಮೇಲೆ ಡಾಕ್ಟರ್ ವಿಭಾ ನಮ್ಮಿಬ್ಬರನ್ನೂ ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಅಷ್ಟು ಪುಟ್ಟ ಹೊಟ್ಟೆಯ ತುಂಬ ಗಾಳಿ ಗುಳ್ಳೆಗಳು.

“ಇದಕ್ಕೆ ಎನ್‌ಇಸಿ ಅಂತೀವಿ,” ಎಂದರು. “ದಿನ ತುಂಬದೆ ಹುಟ್ಟಿದ ಮಕ್ಕಳ ಕರುಳು ತುಂಬಾ ಎಳೇದು. ಅದ್ರ ಗೋಡೆಗೆ ಸೋಂಕು ಹತ್ಕೊಂಡಿದೆ. ಹಿಂಗೇ ಜಾಸ್ತಿ ಆದ್ರೆ ಕರುಳು...” ಮೆತ್ತಗಿನ ಮಾತು ಹುಡುಕಿದರು, ಸಿಗಲಿಲ್ಲ. “ಕೊಳೆಯೋಕೆ ಶುರುವಾಗುತ್ತೆ. ತೂತಾದ್ರೆ ಆಪರೇಷನ್ ಮಾಡ್ಲೇಬೇಕು. ಇಷ್ಟು ಸಣ್ಣ ಮಗುಗೆ ಅದು ಸುಲಭ ಅಲ್ಲ. ತೂತಾಗ್ದೇ ಇರ್ಲಿ ಅಂತ ಆಂಟಿಬಯಾಟಿಕ್ ಕೊಡ್ತಾ ಇದೀವಿ. ಹಾಲು ನಿಲ್ಸಿದೀವಿ.”

“ಯಾಕ್ ಬಂತು ಮೇಡಂ ಇದು?” ಎಂದೆ.

“ಇದೇ ಕಾರಣ ಅಂತ ಬೆರಳಿಟ್ಟು ತೋರ್ಸೋಕಾಗಲ್ಲ ರಂಗರಾಜು ಅವ್ರೇ.”

ಅವರು ಇನ್ನೂ ಹೇಳಿದರು. ಹಾಲು ನಿಲ್ಲಿಸಿರುವುದು ಕರುಳಿಗೆ ವಿಶ್ರಾಂತಿ ಕೊಡಲು ಮಾತ್ರ, ಶಾಂತಲಾ ಮಾತ್ರ ಹಾಲು ತೆಗೆಯುವುದನ್ನು ನಿಲ್ಲಿಸಬಾರದು, ಅದನ್ನು ಫ್ರಿಜ್ಜಿನಲ್ಲಿ ಇಟ್ಟಿರುತ್ತೇವೆ, ಕರುಳು ಸುಧಾರಿಸಿದ ದಿನ ಅದೇ ಬೇಕು ಎಂದರು. ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಶಾಂತಲಾ ನನ್ನ ಪಕ್ಕದಲ್ಲೇ ನಿಂತಿದ್ದಳು. ‘ಹಾಲು ನಿಲ್ಸಿದೀವಿ’ ಎಂಬಲ್ಲಿಗೇ ಅವಳ ಕಿವಿ ಮುಚ್ಚಿಹೋಗಿತ್ತೆಂದು ನನಗೆ ಆಗ ತಿಳಿಯಲಿಲ್ಲ.

ಕಾರಣ ಹೇಳಲಾಗದು ಎಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಡಾಕ್ಟರು ಖಾಲಿ ಬಿಟ್ಟ ಜಾಗವನ್ನು ನೆಂಟರು ತುಂಬುತ್ತಾರೆ. ಫೋನಿನ ಮೇಲೆ ಫೋನು. ಒಬ್ಬರಿಗೆ ದೃಷ್ಟಿ, ಇನ್ನೊಬ್ಬರಿಗೆ ಮನೆದೇವರ ಮುನಿಸು, ಮತ್ತೊಬ್ಬರಿಗೆ ಆಸ್ಪತ್ರೆಯ ಏಸಿ. ಅವ್ವನಿಗೆ ಮಾತ್ರ ಅನುಮಾನವೇ ಇರಲಿಲ್ಲ. ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಬಾಣಂತಿಗೆ ಮೆಣಸಿನ ಸಾರು ಕುದಿಸುತ್ತ, ಸೌಟು ಎತ್ತಿ ಹೇಳಿದಳು:

“ನಮ್ಮತ್ತೆ ಹೇಳೋರು, ತಾಯಿ ಬಾಯಿ ಕಟ್ದೇ ಇದ್ರೆ ಕೂಸಿನ ಹೊಟ್ಟೆ ಕಟ್ತದೆ ಅಂತ. ಏನೋ ತಿಂದವ್ಳೆ ಕಣ್ಲಾ ಅವ್ಳು. ಕೇಳು.”

ನಾನು ಕೇಳಬೇಕಾಗಿರಲಿಲ್ಲ. ನನಗೆ ಗೊತ್ತಿತ್ತು.

ಹೊಟ್ಟೆ ಉಬ್ಬುವುದಕ್ಕೆ ಎರಡು ದಿನ ಮುಂಚೆ ನನ್ನ ಅತ್ತೆ ಸಿದ್ದಲಕ್ಷ್ಮಮ್ಮ ಗುಬ್ಬಿಯಿಂದ ಬಂದಿದ್ದರು. ಬ್ಯಾಗಿನೊಳಗೆ ಡಬ್ಬಿ, ಡಬ್ಬಿಗೆ ಟವೆಲು, ಟವೆಲಿನ ಮೇಲೆ ಪ್ಲಾಸ್ಟಿಕ್ ಕವರು. ಏನು ಸುತ್ತಿದರೇನು, ಹಲಸಿನ ಹಣ್ಣನ್ನು ಬಚ್ಚಿಡಲು ಹೊರಟವರು ಈ ಲೋಕದಲ್ಲಿ ಗೆದ್ದಿದ್ದುಂಟೇ? ವಾರ್ಡಿನ ಬಾಗಿಲಲ್ಲೇ ಘಮ ಎಂದಿತು. ಬಸುರಿಯಾಗಿದ್ದಾಗಿನಿಂದ ಶಾಂತಲಾ ಹಲಸು ಹಲಸು ಅನ್ನುತ್ತಿದ್ದಳು, ಹಣ್ಣು ಬರುವ ಹೊತ್ತಿಗೆ ಬಾಣಂತಿಯಾಗಿಬಿಟ್ಟಳು. “ಎರಡೇ ಎರಡು ತೊಳೆ ಅಳಿಯಂದ್ರೇ. ನಿಮ್ಮ ಅವ್ವಂಗೆ ಹೇಳ್ಬೇಡಿ,” ಎಂದಿದ್ದರು ಅತ್ತೆ. ಶಾಂತಲಾ ಎರಡನ್ನು ತಿಂದು, ಮೂರನೆಯದಕ್ಕೆ ಕೈ ಹಾಕಿ, ನನ್ನನ್ನು ನೋಡಿ ನಕ್ಕಿದ್ದಳು. ಹೆರಿಗೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನೂ ನಕ್ಕು ಒಂದು ತೊಳೆ ಬಾಯಿಗೆ ಹಾಕಿಕೊಂಡಿದ್ದೆ.

ಈಗ ಅವಳು ಹಲಸಿನ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಡಾಕ್ಟರನ್ನು ಕೇಳಿಬಿಡಬಹುದಿತ್ತು. ಕೇಳಿದರೆ ಹೌದು ಎಂದುಬಿಟ್ಟರೆ? ಆ ಒಂದು ಹೌದು ಹೊತ್ತುಕೊಂಡು ಇವಳು ಬದುಕುವುದು ಹೇಗೆ? ಅದಕ್ಕೇ ಬಾಯಿ ಮುಚ್ಚಿಕೊಂಡೆ. ಅವಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವ್ವ ಮಾತ್ರ ಬಿಡಲಿಲ್ಲ. ಊಟದ ಕ್ಯಾರಿಯರ್ ಹಿಡಿದು ಬಂದವಳು, ಶಾಂತಲಾಳ ತಟ್ಟೆಗೆ ಅನ್ನ ಹಾಕುತ್ತಲೇ ಕೇಳಿದಳು. “ಏನಾರ ತಿಂದಿದ್ಯೇನೇ?”

ಶಾಂತಲಾ ತಲೆ ಎತ್ತಲಿಲ್ಲ. “ಇಲ್ಲ ಅತ್ತೆ,” ಎಂದಳು. ಅನ್ನ ಕಲಸಿದ ಕೈ ಬಾಯಿಗೆ ಹೋಗದೆ ತಟ್ಟೆಯಲ್ಲೇ ಉಳಿಯಿತು.

ಅದೇ ದಿನ ವಾರ್ಡಿನಲ್ಲಿ ಇನ್ನೊಂದು ಘಟನೆ ನಡೆಯಿತು. ಬೆಳ್ಳಾವಿ ಕಡೆಯ ಒಬ್ಬ ಹೆಂಗಸು ಶಾಂತಲಾಳ ಎದುರು ಮಂಚದಲ್ಲಿದ್ದಳು. ಅವಳ ಗಂಡು ಕೂಸಿನ ತೂಕ ನಮ್ಮದಕ್ಕಿಂತ ಕಡಿಮೆ ಇತ್ತು. ಮಧ್ಯಾಹ್ನ ಅದು ಹೋಗಿಬಿಟ್ಟಿತು. ಸಂಜೆ ಅವಳನ್ನು ಮನೆಗೆ ಕರೆದೊಯ್ಯುತ್ತಿದ್ದರು. ನಾನು ಕಾರಿಡಾರಿನಲ್ಲಿ ದಾರಿ ಬಿಟ್ಟು ಗೋಡೆಗೆ ಅಂಟಿ ನಿಂತೆ. ಇಬ್ಬರು ಹೆಂಗಸರ ತೋಳಿಗೆ ಜೋತುಬಿದ್ದು ಅವಳು ನಡೆದುಹೋದಳು. ಅವಳು ಹಾದುಹೋದ ಮೇಲೂ ಮಲ್ಲಿಗೆಯ ವಾಸನೆ ಅಲ್ಲೇ ನಿಂತಿತ್ತು. ನನಗೆ ಸಿಟ್ಟು ಬಂತು. ಕೂಸು ಸತ್ತ ದಿನ ಹೂ ಮುಡಿಸಿಕೊಂಡು ಹೋಗುತ್ತಾರಲ್ಲ, ಎಂಥ ಜನ ಇವರು ಎಂದುಕೊಂಡೆ. ಅವಳ ತಲೆಯಲ್ಲಿ ಹೂವಿತ್ತೇ ಎಂದು ತಿರುಗಿ ನೋಡುವಷ್ಟು ಬುದ್ಧಿ ನನಗಿರಲಿಲ್ಲ.

ಆಮೇಲಿನ ದಿನಗಳು ಹೇಗೆ ಕಳೆದವು ಎಂದು ವಿವರಿಸಲಾರೆ. ಬೆಳಿಗ್ಗೆ ಆಸ್ಪತ್ರೆ, ಆಮೇಲೆ ಶಿಫ್ಟು, ಶಿಫ್ಟು ಮುಗಿದರೆ ಮತ್ತೆ ಆಸ್ಪತ್ರೆ. ಮೆಷಿನ್ ಮುಂದೆ ನಿಂತರೂ ಜೇಬಿನಲ್ಲಿ ಫೋನು ನಡುಗಿದಂತೆ ಆಗುತ್ತಿತ್ತು. ತೆಗೆದು ನೋಡಿದರೆ ಏನೂ ಇರುತ್ತಿರಲಿಲ್ಲ. ನಿಜವಾಗಿ ಫೋನು ಬಂದಾಗ ಕೈಗೆ ಎತ್ತಿಕೊಳ್ಳಲು ಆಗುತ್ತಿರಲಿಲ್ಲ. ಮಗುವಿನ ಡೈಪರಿನಲ್ಲಿ ರಕ್ತದ ಎಳೆ ಕಂಡಿತು ಎಂದು ಒಂದು ಬೆಳಿಗ್ಗೆ ಹೇಳಿದರು. ಆಪರೇಷನ್ ಮಾಡುವ ಸರ್ಜನ್ ಬಂದು ನೋಡಿ, ಹೊಟ್ಟೆ ಮುಟ್ಟಿ ಹೋದರು. ಇನ್ನೊಂದು ಎಕ್ಸ್‌ರೇ. ತೂತಾಗಿಲ್ಲ. ಸಂಜೆ ಮತ್ತೊಂದು. ಇನ್ನೂ ಆಗಿಲ್ಲ. ‘ಇನ್ನೂ’ ಎಂಬ ಮಾತು ಇಷ್ಟು ಕೆಟ್ಟದ್ದೆಂದು ನನಗೆ ಗೊತ್ತಿರಲಿಲ್ಲ. ಕೈ ತೊಳೆದು, ಗೌನ್ ಹಾಕಿಕೊಂಡು ಒಳಗೆ ಹೋದರೆ ನನ್ನ ಕಣ್ಣು ಮೊದಲು ಹೋಗುತ್ತಿದ್ದುದು ಮುಖಕ್ಕಲ್ಲ, ಹೊಟ್ಟೆಗೆ. ಮಗಳ ಮೂಗು ಯಾರ ಥರ ಇದೆಯೆಂದು ಕೇಳಿದ್ದರೆ ನನಗೆ ಹೇಳಲಾಗುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಶಾಂತಲಾ ನನ್ನನ್ನು ಹತ್ತಿರ ಕರೆದಳು.

“ರೀ, ಬರೋವಾಗ ಮಲ್ಲಿಗೆ ಹೂ ತರ್ತೀರಾ?”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಮಲ್ಲಿಗೆನಾ?”

“ಎರಡು ಮಾರು. ಮೊಗ್ಗು ಇರ್ಲಿ, ಒತ್ತಾಗಿ ಕಟ್ಟಿರೋದು. ಅತ್ತೆಗೆ ಹೇಳ್ಬೇಡಿ.”

ಅವ್ವನಿಗೆ ಹೇಳಬೇಡ ಎಂದದ್ದು ನನಗೆ ಸಹಜವಾಗಿಯೇ ಕಂಡಿತು. ನಮ್ಮ ಮನೆಗೆ ಮಲ್ಲಿಗೆ ಬರುವುದಿಲ್ಲ. ಕನಕಾಂಬರ, ಸೇವಂತಿಗೆ, ಕಾಕಡ ಏನಾದರೂ ಸರಿ, ಮಲ್ಲಿಗೆ ಮಾತ್ರ ಅವ್ವನಿಗೆ ಆಗದು. “ತಲೆನೋವು ಬತ್ತದೆ,” ಎನ್ನುತ್ತಾಳೆ. ನಮ್ಮ ಮದುವೆಯಲ್ಲೂ ಧಾರೆ ಮುಗಿದ ಕೂಡಲೇ ಶಾಂತಲಾಳ ಜಡೆಯಿಂದ ದೂರವೇ ಕೂತಿದ್ದಳು. ಹೂವಿನಲ್ಲೂ ಜಗಳ ತೆಗೆಯುವ ಅತ್ತೆ ಎಂದರೆ ನೀನೊಬ್ಬಳೇ ಎಂದು ನಾನು ಎಷ್ಟೋ ಸಲ ಕಾಡಿಸಿದ್ದೆ.

ಹೆಂಡತಿ ಹೂ ಕೇಳಿದಳು. ಅಂದರೆ ಅವಳ ಮನಸ್ಸು ಸ್ವಲ್ಪ ಎದ್ದು ಕೂತಿದೆ ಎಂದು ನಾನು ತಿಳಿದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೂವಿನವಳು ಮೊಳಕೈಗೆ ಹಿಡಿದು ಅಳೆಯುತ್ತ, “ಹೆಂಡ್ತಿಗಾ ಅಣ್ಣ? ಮನೇಲಿ ಏನೋ ವಿಶೇಷ,” ಎಂದು ಕಾಡಿಸಿದಳು. ನಾನು ನಕ್ಕೆ. ಆ ನಗುವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬಾಳೆಲೆಯಲ್ಲಿ ಸುತ್ತಿಸಿಕೊಂಡು, ಗಾಡಿಯ ಡಿಕ್ಕಿಯಲ್ಲಿಟ್ಟು, ಅಷ್ಟು ದಿನಗಳಲ್ಲಿ ಮೊದಲ ಸಲ ಹಗುರವಾಗಿ ಗಾಡಿ ಓಡಿಸಿದೆ.

ಮರುದಿನ ನೋಡಿದರೆ ಅವಳ ಜಡೆ ಬೋಳು.

“ಹೂ ಎಲ್ಲಿ?”

“ಬಾಡ್ತು. ಇವತ್ತೂ ತನ್ನಿ.”

ಮತ್ತೆ ತಂದೆ. ಅದರ ಮಾರನೆಯ ದಿನವೂ ತಂದೆ. ಆ ದಿನಗಳಲ್ಲಿ ಊಟದ ಕ್ಯಾರಿಯರನ್ನೂ ನಾನೇ ಒಯ್ಯುತ್ತಿದ್ದೆ, ಅವ್ವ ಮನೆಯಲ್ಲೇ ಇರುತ್ತಿದ್ದಳು. ನನ್ನಂಥ ದಡ್ಡ ಗಂಡ ಯಾರಿಗೂ ಸಿಗಬಾರದು.

ಆ ಮೂರನೆಯ ದಿನ ಡಾಕ್ಟರ್ ವಿಭಾ ನನ್ನನ್ನು ಒಬ್ಬನನ್ನೇ ಕರೆದರು. ಮಗುವಿನ ಸ್ಥಿತಿ ಇನ್ನಷ್ಟು ಕೆಟ್ಟಿಲ್ಲ, ಕೊಳವೆಯಲ್ಲಿ ಬರುವ ಹಸಿರು ಸ್ವಲ್ಪ ತಿಳಿಯಾಗಿದೆ ಎಂದರು. ನಾನು ಕೈ ಮುಗಿದೆ.

“ಕೈ ಮುಗೀಬೇಡಿ, ಇನ್ನೊಂದು ವಿಷಯ ಇದೆ,” ಎಂದರು. “ನಿಮ್ಮ ಮಿಸೆಸ್ ಹಾಲು ಕೊಡ್ತಾ ಇಲ್ಲ. ಸಿಸ್ಟರ್ ಕೇಳ್ದಾಗೆಲ್ಲ ಬರ್ತಿಲ್ಲ ಅಂತಾರಂತೆ. ನಿನ್ನೆ ಒಂದು ತೊಟ್ಟೂ ಇಲ್ಲ. ಈ ಮಗು ಕರುಳು ವಾಸಿಯಾದ್ಮೇಲೆ ನಾನು ಏನು ಹಾಕ್ಲಿ ಹೇಳಿ? ಇಲ್ಲಿ ದಾನದ ಹಾಲು ಸಿಗಲ್ಲ. ಪೌಡರ್ ಹಾಲು ಹಾಕಿದ್ರೆ ಇದೇ ಕಾಯಿಲೆ ತಿರುಗಿ ಬರೋ ಭಯ ಜಾಸ್ತಿ. ಎರಡನೇ ಸಲ ಬಂದ್ರೆ ಈ ಮಗು ತಡ್ಕೊಳ್ಳಲ್ಲ. ತಾಯಿ ಹಾಲೇ ಇದಕ್ಕೆ ಔಷಧಿ.”

ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ರೋಗ ಗೆದ್ದರೂ ಹಸಿವು ಕೊಲ್ಲುತ್ತದೆ ಎಂದ ಹಾಗಾಯಿತು. ಹಾಲು ಬತ್ತಿದ್ದು ಹೆದರಿಕೆಯಿಂದ ಎಂದುಕೊಂಡೆ. ಇಂಥದಕ್ಕೆಲ್ಲ ಅವ್ವನೇ ಸರಿ. ಮನೆಗೆ ಹೋಗಿ ವಿಷಯ ಹೇಳಿದೆ. ಅವ್ವ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ, ತುಪ್ಪ ಸುರಿದು, ಸೆರಗು ಬಿಗಿದುಕೊಂಡು ಗಾಡಿಯ ಹಿಂದೆ ಕೂತಳು. ದಾರಿಯುದ್ದಕ್ಕೂ ಬೀಗಿತ್ತಿಯನ್ನು ಬೈದಳು. ಹಾಲಿಲ್ಲದ ಮಗಳನ್ನು ಹೆತ್ತು ಕಳಿಸಿದ್ದಾಳಂತೆ.

ವಾರ್ಡಿನ ಬಾಗಿಲಲ್ಲಿ ಅವ್ವ ನಿಂತುಬಿಟ್ಟಳು. ಹಿಂದೆ ಬರುತ್ತಿದ್ದ ನಾನು ಅವಳ ಬೆನ್ನಿಗೆ ತಗುಲಿದೆ.

“ಮಲ್ಲಿಗೆ,” ಎಂದಳು.

“ಶಾಂತಲಂಗೆ ತಂದಿದ್ದೆ ಕಣವ್ವ. ಒಂದಿನ ಮುಡ್ಕೊಂಡ್ರೆ ಏನಾಯ್ತದೆ? ಇವತ್ತೂ ಜಗಳ ತೆಗೀಬ್ಯಾಡ.”

ಅವ್ವ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವಳ ಕಣ್ಣು ಶಾಂತಲಾಳ ತಲೆಯ ಮೇಲಿತ್ತು. ಜಡೆಯಲ್ಲಿ ಹೂವಿರಲಿಲ್ಲ. ಕಿಟಕಿಯ ಮೇಲೂ ಇರಲಿಲ್ಲ, ದೇವರ ಫೋಟೋದ ಮೇಲೂ ಇರಲಿಲ್ಲ. ಅವ್ವನ ಮುಖದಲ್ಲಿ ರಕ್ತ ಇಳಿದುಹೋದದ್ದು ಕಂಡೆ. ಕ್ಯಾರಿಯರನ್ನು ನನ್ನ ಕೈಗೆ ತುರುಕಿ ಹೋದಳು, ಮಂಚದ ಸುತ್ತಲಿನ ಪರದೆಯನ್ನು ಸರ್ರನೆ ಎಳೆದಳು.

“ಎಲ್ಲಿ ಕಟ್ಕೊಂಡಿದೀಯೇ?”

“ಅತ್ತೆ, ಬೇಡ...”

“ತೆಗಿ ಅಂದೆ.”

ಬಟ್ಟೆ ಹರಿದ ಸದ್ದು ಕೇಳಿತು. ಆಮೇಲೆ ಪರದೆಯ ಕೆಳಗಿನಿಂದ ಹೂ ನನ್ನ ಕಾಲ ಬಳಿಗೆ ಬಂದು ಬಿತ್ತು. ನಾನೇ ತಂದಿದ್ದ ಮಲ್ಲಿಗೆ. ಚಪ್ಪಟೆಯಾಗಿ, ಕಂದಿ, ಬೆವರಿನಲ್ಲಿ ನೆನೆದಿತ್ತು. ಜೊತೆಗೆ ಹಳೆ ಸೀರೆಯಿಂದ ಹರಿದ ಉದ್ದನೆಯ ಪಟ್ಟಿ. ಆಗಲೂ ನನಗೆ ಅರ್ಥವಾಗಲಿಲ್ಲ. ಪರದೆ ಸರಿಸಿ ಒಳಗೆ ಹೋದೆ. ಶಾಂತಲಾ ಸೆರಗು ಹೊದ್ದು ಗೋಡೆಯ ಕಡೆ ತಿರುಗಿದ್ದಳು.

“ಏನ್ ಅವ್ವ ಇದು?”

“ಕೂಸು ಸತ್ತ ತಾಯಿಗೆ ಮೊಲೆ ಮೇಲೆ ಮಲ್ಲಿಗೆ ಕಟ್ತಾರೆ ಕಣ್ಲಾ. ಹಾಲು ಬತ್ಲಿ ಅಂತ.” ಅವ್ವನ ಧ್ವನಿ ಒಡೆದುಹೋಗಿತ್ತು. “ಕೂಸು ಉಸ್ರಾಡ್ತಾ ಇರೋವಾಗ ಇವ್ಳು ಕಟ್ಕೊಂಡವ್ಳೆ.”

ಬೆಳ್ಳಾವಿಯ ಆ ಹೆಂಗಸು, ಕಾರಿಡಾರಿನಲ್ಲಿ ನಿಂತಿದ್ದ ಆ ವಾಸನೆ, ಹೂವಿನವಳ ಮುಂದೆ ನಕ್ಕ ನನ್ನ ನಗು, ಎಲ್ಲವೂ ಒಟ್ಟಿಗೆ ನೆನಪಾಯಿತು. ಮಗಳು ಬದುಕಿರುವಾಗಲೇ ಅವಳ ಸಾವಿನ ಹೂವನ್ನು ನಾನೇ ಚೌಕಾಸಿ ಮಾಡಿ, ಮೊಗ್ಗು ಆರಿಸಿ ತಂದುಕೊಟ್ಟಿದ್ದೆ.

“ನನ್ನ ಹಾಲು ವಿಷ ರೀ,” ಎಂದಳು ಶಾಂತಲಾ, ಗೋಡೆಗೆ ಹೇಳುವಂತೆ. “ಹಲಸಿನ ಹಣ್ಣು ತಿಂದೆ. ಅದೇ ಹಾಲು ಅವ್ಳಿಗೆ ಹೋಯ್ತು. ಅದಕ್ಕೇ ಡಾಕ್ಟರು ಹಾಲು ನಿಲ್ಸಿದ್ದು. ಮತ್ತೆ ಕೇಳ್ತಾ ಇದ್ರು, ತೆಕ್ಕೊಡಿ ತೆಕ್ಕೊಡಿ ಅಂತ. ಇದ್ರೆ ತಾನೇ ಕೇಳೋದು? ಬತ್ತೋಗ್ಲಿ ಅಂತ ಕಟ್ಕೊಂಡೆ. ಇನ್ನೊಂದ್ಸಲ ನನ್ನ ಹಾಲಿಂದ ಅವ್ಳು ಸಾಯೋದು ಬೇಡ.”

ಹಲಸು ಎಂಬ ಮಾತು ಕೇಳಿ ಅವ್ವ ಹಾರಿ ಬೀಳುತ್ತಾಳೆ ಎಂದುಕೊಂಡೆ. ಅವ್ವ ಮಂಚದ ಮೇಲೆ ಕೂತುಬಿಟ್ಟಳು. ಕೂತು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು, ಅವಕ್ಕೆ ಮಲ್ಲಿಗೆಯ ವಾಸನೆ ಮೆತ್ತಿತ್ತು.

“ನಾನು ಅವರೆಕಾಯಿ ತಿಂದಿದ್ದೆ,” ಎಂದಳು.

ಯಾವಾಗ ಎಂದು ನಾನು ಕೇಳಿದೆ.

“ನೀನು ಹುಟ್ಟೋಕೆ ಮುಂಚೆ. ಹೆಣ್ಣು. ಎಂಟು ತಿಂಗಳಿಗೇ ಬಿತ್ತು, ಮನೇಲೇ. ಕಡ್ಡಿ ಥರ ಇತ್ತು. ಹಾಲು ಕುಡೀತಿತ್ತು ಕಣ್ಲಾ, ಚೆನ್ನಾಗೇ ಕುಡೀತಿತ್ತು. ಆಮೇಲೆ ಹೊಟ್ಟೆ ಊದ್ಕೊಂತು. ಹಿಂಗೇ, ಡೋಲು ಥರ. ನಿಮ್ಮಜ್ಜಿ ಬಂದು, ಏನ್ ತಿಂದಿದ್ಯೇ ಅಂದ್ರು. ಹಿತ್ಲಲ್ಲಿ ಅವರೆಕಾಯಿ ಬೇಯ್ಸಿದ್ರು, ಹಸಿವು ತಡೀದೆ ಒಂದು ಹಿಡಿ ತಿಂದಿದ್ದೆ. ಹೇಳ್ದೆ. ಅವತ್ತಿಂದ ಸಾಯೋಗಂಟ ಅವ್ರು ನನ್ನ ಮಗು ತಿಂದೋಳು ಅಂತ್ಲೇ ಅಂದ್ರು. ಅವ್ರೇ ಹೂ ಕಟ್ಟಿದ್ರು ನಂಗೆ.”

ನನ್ನ ಅವ್ವನಿಗೆ ನಾನೇ ಮೊದಲ ಮಗು ಎಂದುಕೊಂಡೇ ನಾನು ಬೆಳೆದವನು. ನನಗೊಬ್ಬ ಅಕ್ಕ ಇದ್ದಳು ಎಂದು ಆಸ್ಪತ್ರೆಯ ಪರದೆಯ ಹಿಂದೆ ನಿಂತು, ಸಬ್ಬಸಿಗೆ ಪಲ್ಯದ ಕ್ಯಾರಿಯರ್ ಹಿಡಿದು ತಿಳಿದುಕೊಂಡೆ. ಅವ್ವನ ತಲೆನೋವು ಎಂಥದ್ದೆಂದೂ ತಿಳಿಯಿತು. ಮೊನ್ನೆ ಅವಳ ಬಾಯಿಂದ ಬಂದ ‘ಏನಾರ ತಿಂದಿದ್ಯೇನೇ’ ಎಂಬ ಮಾತು ಯಾರದೆಂದೂ ತಿಳಿಯಿತು.

ಇನ್ನು ಸುಮ್ಮನಿರಲು ನನ್ನಿಂದ ಆಗಲಿಲ್ಲ. ಹೋಗಿ ಡಾಕ್ಟರ್ ವಿಭಾ ಅವರನ್ನು ಕರೆತಂದೆ. ಹಲಸಿನ ಹಣ್ಣಿನಿಂದ ಹಿಡಿದು ಮಲ್ಲಿಗೆಯವರೆಗೆ ಎಲ್ಲವನ್ನೂ ಹೇಳಿದೆ. ನೆಲದ ಮೇಲೆ ಬಿದ್ದ ಹೂವನ್ನು ಅವರು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ಶಾಂತಲಾಳ ಪಕ್ಕ ಕೂತು ಅವಳ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿದರು.

“ಶಾಂತಲಾ, ನೀವು ಹಲಸಿನ ಹಣ್ಣು ತಿಂದಿದ್ದಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಡಬ್ಬಿ ಪೂರ್ತಿ ತಿಂದಿದ್ರೂ ಇಲ್ಲ. ಮಗು ಬೇಗ ಹುಟ್ತು, ಕರುಳು ಇನ್ನೂ ರೆಡಿ ಆಗಿರ್ಲಿಲ್ಲ. ನಿಮ್ಮ ಹಾಲು ಕುಡಿದಿದ್ದಕ್ಕೇ ಇವತ್ತಿನವರೆಗೆ ತಡ್ಕೊಂಡಿದೆ ಅಂತ ಇಟ್ಕೊಳ್ಳಿ. ನಾನು ನಿಲ್ಸಿದ್ದು ಹೊಟ್ಟೆಗೆ ಹೋಗೋದನ್ನ, ನಿಮ್ಮ ಹಾಲನ್ನಲ್ಲ.”

ಶಾಂತಲಾ ಅವರ ಕೈ ಹಿಡಿದುಕೊಂಡು ಅತ್ತಳು. “ಬತ್ತೋಗಿದೆ ಮೇಡಂ,” ಎಂದಳು.

“ಮೂರೇ ದಿನ ತಾನೇ? ಪ್ರಯತ್ನ ಪಡೋಣ. ಬರಲ್ಲ ಅಂತ ಈಗ್ಲೇ ಹೇಳೋಕಾಗಲ್ಲ, ಬಂದೇ ಬರುತ್ತೆ ಅಂತಾನೂ ಹೇಳಲ್ಲ.”

ಅವರು ಎದ್ದಾಗ ಅವ್ವ ಅವರ ಬಿಳಿ ಕೋಟಿನ ತೋಳು ಹಿಡಿದಳು. ಊರಲ್ಲಿ ಯಾರ ಮುಂದೆಯೂ ತಗ್ಗದ ನನ್ನ ಅವ್ವ, ಮಗಳ ವಯಸ್ಸಿನ ಆ ಹೆಣ್ಣಿನ ಮುಂದೆ ಶಾಲೆ ಹುಡುಗಿಯ ಹಾಗೆ ನಿಂತಿದ್ದಳು.

“ಅವರೆಕಾಯಿ ತಿಂದ್ರೂ ಆಗಲ್ವಾ ತಾಯಿ?”

ಡಾಕ್ಟರ್ ನನ್ನನ್ನು ನೋಡಿದರು. ಅವ್ವನ ಕತೆಯನ್ನೂ ನಾನು ಹೇಳಿದ್ದೆ.

“ಅವತ್ತು ಆ ಮಗುಗೆ ಏನಾಗಿತ್ತೋ ನಾನು ನೋಡಿಲ್ಲಮ್ಮ, ಅದನ್ನ ಸುಳ್ಳು ಹೇಳಲ್ಲ. ಆದ್ರೆ ತಾಯಿ ಒಂದು ಹಿಡಿ ಅವರೆಕಾಯಿ ತಿಂದಿದ್ದಕ್ಕೆ ಯಾವ ಮಗೂನೂ ಸಾಯಲ್ಲ. ನಿಮ್ಮದೂ ಅಷ್ಟೇ.”

ಅವ್ವ ಅಳಲಿಲ್ಲ. ತಲೆಯಾಡಿಸಿದಳು. ಆಮೇಲೆ ನೆಲದ ಮೇಲಿದ್ದ ಹೂವನ್ನೆಲ್ಲ ಬಳಿದು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು ಬಂದು, ಬಿಸಿನೀರಿನಲ್ಲಿ ಟವೆಲು ಅದ್ದಿ ಹಿಂಡಿದಳು. “ನೀನ್ ಆಚೆ ಹೋಗ್ಲಾ,” ಎಂದಳು ನನಗೆ.

ಆಮೇಲೆ ಅವ್ವ ಮನೆಗೆ ಬರಲೇ ಇಲ್ಲ. ವಾರ್ಡಿನ ನೆಲದ ಮೇಲೆ ಚಾಪೆ ಹಾಸಿಕೊಂಡಳು. ಬಿಸಿ ಬಟ್ಟೆ ಒತ್ತುವುದು, ಬೆನ್ನು ನೀವುವುದು, ಹಿಂಡಿಸುವುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮೊದಲ ದಿನ ಬಟ್ಟಲಿನ ತಳ ಒಣಗಿಯೇ ಇತ್ತು. ಎರಡನೆಯ ದಿನವೂ ಅಷ್ಟೇ. ನಾನು ಒಳಗೆ ಮಗಳ ಹೊಟ್ಟೆ ನೋಡಿ ಹೆದರುತ್ತಿದ್ದೆ, ಹೊರಗೆ ಬಂದು ಬಟ್ಟಲು ನೋಡಿ ಹೆದರುತ್ತಿದ್ದೆ. ಅತ್ತೆಗೆ ಫೋನು ಮಾಡಿ ಅವ್ವ, “ನಿಮ್ಮ ಮಗಳಿಗೆ ಇನ್ನೆರಡು ತೊಳೆ ತಂದ್ಕೊಡಿ. ನಗಾಡ್ಕೊಂಡು ತಿನ್ಲಿ,” ಎಂದಾಗ ನಾನು ಬೆಚ್ಚಿಬಿದ್ದೆ. ಸಿದ್ದಲಕ್ಷ್ಮಮ್ಮನವರೂ ಬೆಚ್ಚಿರಬೇಕು. ಈ ಸಲ ಡಬ್ಬಿಯನ್ನು ಟವೆಲಿನಲ್ಲಿ ಸುತ್ತದೆ ತಂದರು.

ಮಾರನೆಯ ಬೆಳಿಗ್ಗೆ ಯಶಸ್ವಿನಿ ಸಿಸ್ಟರ್ ಸಿರಿಂಜನ್ನು ಎತ್ತಿ ತೋರಿಸಿದರು. ತಳದಲ್ಲಿ ಅರಿಶಿನದ ಛಾಯೆಯ ನಾಲ್ಕು ತೊಟ್ಟು ಹಾಲು.

ಕರುಳು ಸುಧಾರಿಸಿದೆ, ಹಾಲು ಶುರು ಮಾಡಿ ನೋಡೋಣ ಎಂದು ಡಾಕ್ಟರ್ ಹೇಳಿದ ದಿನ ನನಗೆ ಖುಷಿಯಾಗಲಿಲ್ಲ, ಇನ್ನೂ ಹೆಚ್ಚು ಭಯವಾಯಿತು. ಹಾಲು ಹೋಗದಿದ್ದಾಗ ಬದುಕಿದ್ದಾಳೆ, ಹೋದರೆ ಏನಾದೀತೋ. ಶಾಂತಲಾಳನ್ನು ಒಳಗೆ ಬಿಟ್ಟರು. ಅವ್ವ ಬರುವುದಿಲ್ಲ ಎಂದಳು. ನಾನು ಗಾಜಿನ ಆಚೆ ನಿಂತು ನೋಡಿದೆ. ಯಶಸ್ವಿನಿ ಸಿರಿಂಜನ್ನು ಕೊಳವೆಗೆ ಸಿಕ್ಕಿಸಿ ಮೇಲೆತ್ತಿ ಹಿಡಿದರು. ಹ್ಞಾಂ ಎನ್ನುವಷ್ಟರಲ್ಲಿ ಹಾಲು ಇಳಿದುಹೋಯಿತು. ಇನ್ನು ಕಾಯಬೇಕು ಎಂದರು.

ಅವ್ವ ಕಾರಿಡಾರಿನ ಕೊನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ.

“ಆ ಕೂಸಿಗೆ ಏನ್ ಹೆಸರಿಟ್ಟಿದ್ದೆ ಅವ್ವ?”

“ಹೆಸರಿಡೋಕೆ ಮುಂಚೇನೇ ಹೋದ್ಲು.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಮನಸ್ನಲ್ಲಿ ಇಟ್ಕೊಂಡಿದ್ದೆ. ಯಾರೂ ಕೇಳ್ಲಿಲ್ಲ.”

ಹೇಳು ಎಂದೆ. ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. ಹೇಳಿದ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅಷ್ಟು ವರ್ಷ ಒಬ್ಬಳೇ ಹೊತ್ತದ್ದು ಇಳಿಯಲು ಹೊತ್ತು ಹಿಡಿಯಿತು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತೆ, ಕಣ್ಣು ಮಾತ್ರ ಎನ್‌ಐಸಿಯುವಿನ ಗಾಜಿನ ಮೇಲೇ ಇತ್ತು.

ಒಳಗೆ ಯಶಸ್ವಿನಿ ಜೇಬಿನಿಂದ ಟೇಪು ತೆಗೆದರು. ನಾನು ಎದ್ದು ಗಾಜಿನ ಬಳಿ ಹೋದೆ. ಅವರು ಅದನ್ನು ನನ್ನ ಮಗಳ ಹೊಟ್ಟೆಗೆ ಸುತ್ತಿದರು, ಬಗ್ಗಿ ನೋಡಿದರು, ಬಿಚ್ಚಿದರು. ಉಸಿರು ಹಿಡಿದು ನಿಂತೆ. ಅವರು ಟೇಪನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಎರಡನೇ ಸಲ ಅಳೆಯಲಿಲ್ಲ.